ಉಮ್ಮನ ಅಡಿಗೆಮನೆಯ ಗ್ಯಾಸ್, ಉಪ್ಪನ ಓಮ್ನಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹಳೆಯ ಓಮ್ನಿ ಮಾರುತ್ತಾರೆಂದರೆ, ಕೊಳ್ಳಲು ಬಂದವರ ಮೊದಲ ಪ್ರಶ್ನೆ ಒಂದೇ: "ಗ್ಯಾಸಿದ್ದಾ, ಪೆಟ್ರೋಲಿದ್ದಾ?" ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಆಮೇಲಿನ ಮಾತು. ನನ್ನ ಉಪ್ಪನ ದಿನಸಿ ಅಂಗಡಿಗೆ ಮಂಗಳೂರಿನ ಬಂದರಿನಿಂದ ಸಾಮಾನು ತರುತ್ತಿದ್ದದ್ದೂ ಅಂಥ ಒಂದು ಗ್ಯಾಸಿನ ಓಮ್ನಿಯೇ. ಅದರ ಕಥೆ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗ್ಯಾಸಿನಲ್ಲಿ ಗಾಡಿ ಓಡಿಸುವುದು ನಮ್ಮ ಕರಾವಳಿಗೆ ಓಮ್ನಿಯೊಂದಿಗೆ ಬಂದದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ದೊಡ್ಡ ಉಕ್ಕಿನ ಒಲೆ ಕಟ್ಟಿದರು. ಅದರಲ್ಲಿ ಇದ್ದಿಲು ಹಾಕಿ, ಕಡಿಮೆ ಗಾಳಿ ಕೊಟ್ಟು ಉರಿಸಿದರೆ ಇಂಗಾಲದ ಮೊನಾಕ್ಸೈಡ್ ಬರುತ್ತದೆ. ಅದೇ ಇಂಜಿನ್ನಿಗೆ ಇಂಧನ. ಹೊರಡುವ ಮೊದಲು ಕ್ಲೀನರ್ ಗಾಳಿಚಕ್ರ ತಿರುಗಿಸಿ ಕೆಂಡ ಎಬ್ಬಿಸಬೇಕಿತ್ತು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದಾಗ ಆ ಒಲೆಗಳು ಗುಜರಿಗೆ ಹೋದವು.

ಅಡಿಗೆ ಗ್ಯಾಸ್, ಅಂದರೆ ಎಲ್‌ಪಿಜಿ, ನಮ್ಮ ದೇಶದಲ್ಲಿ 1955ರ ಸುಮಾರಿಗೆ ಮುಂಬೈಯಲ್ಲಿ ಶುರುವಾಯಿತು. 1965ರಲ್ಲಿ ಇಂಡೇನ್ ಬಂತು. ಹಳ್ಳಿಗಳ ಮನೆಗೆ 14.2 ಕಿಲೋದ ಕೆಂಪು ಸಿಲಿಂಡರ್ ತಲುಪುವಾಗ ಬಹಳ ವರ್ಷ ಹೋಯಿತು. 1984ರಲ್ಲಿ ಮಾರುತಿ ವ್ಯಾನ್ ಬಂತು, ಮುಂದೆ ಅದಕ್ಕೇ ಓಮ್ನಿ ಎಂದು ಹೆಸರಾಯಿತು. 796 ಸಿಸಿಯ ಸಣ್ಣ ಇಂಜಿನ್, ಅದೂ ಮುಂದಿನ ಸೀಟಿನ ಅಡಿಯಲ್ಲಿ. ಹಿಂದಿನ ಸೀಟು ತೆಗೆದರೆ ಅಂಗಡಿಯ ಅಕ್ಕಿ ಮೂಟೆ, ಹಾಕಿದರೆ ಮದುವೆ ದಿಬ್ಬಣ. ನಮ್ಮಂಥ ವ್ಯಾಪಾರದ ಮನೆಗಳಿಗೆ ಇದಕ್ಕಿಂತ ಹೊಂದುವ ಗಾಡಿ ಇರಲಿಲ್ಲ.

1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮ ಊರುಗಳಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಅಲ್ಲಿ ದುಡಿಯುತ್ತಿದ್ದವರು ಬರಿಗೈಯಲ್ಲಿ ಮನೆಗೆ ಬಂದರು, ಇಲ್ಲಿ ಪೆಟ್ರೋಲಿಗೆ ಬೆಲೆ ಏರಿತು. ಪೆಟ್ರೋಲಿನ ಮೇಲೆ ಸರಕಾರದ ತೆರಿಗೆ, ಅಡಿಗೆ ಗ್ಯಾಸಿನ ಮೇಲೆ ಸಬ್ಸಿಡಿ. ಒಂದೇ ತೈಲ ಉದ್ಯಮದಿಂದ ಬರುವ ಎರಡು ಇಂಧನಗಳ ನಡುವೆ ಇಷ್ಟು ದೊಡ್ಡ ಅಂತರ ಬಿದ್ದರೆ ಜನ ಅದರ ನಡುವೆ ಸೇತುವೆ ಕಟ್ಟಿಯೇ ಕಟ್ಟುತ್ತಾರೆ. ಆ ಸೇತುವೆಯ ಹೆಸರು ಗ್ಯಾಸ್ ಕಿಟ್.

ಕಿಟ್‌ನ ಕೆಲಸ ಸರಳ. ಸಿಲಿಂಡರಿನೊಳಗೆ ಗ್ಯಾಸ್ ಒತ್ತಡದಲ್ಲಿ ದ್ರವವಾಗಿರುತ್ತದೆ. ಅದು ಕನ್ವರ್ಟರಿಗೆ ಬರುತ್ತದೆ, ಅಲ್ಲಿ ರೇಡಿಯೇಟರಿನ ಬಿಸಿನೀರು ಸುತ್ತುತ್ತಾ ದ್ರವವನ್ನು ಆವಿ ಮಾಡುತ್ತದೆ. ಒತ್ತಡ ಇಳಿದ ಆವಿ ಕಾರ್ಬ್ಯುರೇಟರಿನ ಬಾಯಲ್ಲಿರುವ ಮಿಕ್ಸರಿನಲ್ಲಿ ಗಾಳಿಯೊಂದಿಗೆ ಸೇರಿ ಇಂಜಿನ್ನಿಗೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚು ಪೆಟ್ರೋಲಿನ ವಾಲ್ವ್ ಮುಚ್ಚಿ ಗ್ಯಾಸಿನದ್ದನ್ನು ತೆರೆಯುತ್ತದೆ. ಬೆಳಿಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ನೀರು ಬಿಸಿಯಾದ ಮೇಲೆ ಗ್ಯಾಸಿಗೆ ಬದಲಿಸಬೇಕು. ತಣ್ಣಗಿರುವಾಗಲೇ ಬದಲಿಸಿದರೆ ಕನ್ವರ್ಟರಿನ ಮೇಲೆ ಮಂಜು ಕಟ್ಟುತ್ತದೆ, ಗಾಡಿ ಕೆಮ್ಮುತ್ತದೆ.

ತಪ್ಪು ಇದ್ದದ್ದು ಕಿಟ್‌ನಲ್ಲಿ ಅಲ್ಲ, ಸಿಲಿಂಡರಿನಲ್ಲಿ. ಹಿಂದಿನ ಸೀಟಿನ ಬೆನ್ನಿಗೆ ಅಡಿಗೆಯ ಕೆಂಪು ಸಿಲಿಂಡರನ್ನೇ ಮಲಗಿಸಿ, ಹಗ್ಗವೋ ಕಬ್ಬಿಣದ ಪಟ್ಟಿಯೋ ಬಿಗಿದು ಓಡಿಸುತ್ತಿದ್ದರು. ಒಂದು ಸಿಲಿಂಡರನ್ನು ಇನ್ನೊಂದರ ಮೇಲೆ ಮಗುಚಿ ತುಂಬಿಸುವವರೂ ಇದ್ದರು. ಬಿಸಿಲಿಗೆ ದ್ರವ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕೆಂದೇ ಗಾಡಿಯ ಟ್ಯಾಂಕನ್ನು ನೂರರಲ್ಲಿ 80 ಪಾಲು ಮಾತ್ರ ತುಂಬಿಸುವುದು. ಮಗುಚಿ ತುಂಬಿಸುವವನಿಗೆ ಆ ಲೆಕ್ಕ ಎಲ್ಲಿಂದ ಬರಬೇಕು?

ಉಪ್ಪನ ಓಮ್ನಿಯಲ್ಲೂ ಅದೇ ಕೆಂಪು ಸಿಲಿಂಡರ್. ಮನೆಯ ಕಾರ್ಡಿಗೆ ಬಂದದ್ದು ಗಾಡಿಗೆ ಹೋಗುತ್ತಿತ್ತು. ತಿಂಗಳ ಕೊನೆಗೆ ಉಮ್ಮ ಹಿತ್ತಿಲಿನಿಂದ ಸೌದೆ ತಂದು ಒಲೆ ಊದುತ್ತಿದ್ದರು. ಕೇಳಿದರೆ, "ಅಂಗಡಿ ನಡೆಯಬೇಕಲ್ಲ ಮೋನೆ" ಎನ್ನುತ್ತಿದ್ದರು. ಉಪ್ಪ ಲೆಕ್ಕದಲ್ಲಿ ಗಟ್ಟಿ. ಬಂದರಿಗೆ ಒಂದು ಸಲ ಹೋಗಿ ಬಂದರೆ ಎಷ್ಟು ಉಳಿಯುತ್ತದೆ ಎಂದು ಅಂಗಡಿಯ ಪುಸ್ತಕದಲ್ಲೇ ಬರೆದಿಡುತ್ತಿದ್ದರು. ಒಲೆಯ ಹೊಗೆಗೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

2005ರ ನೋಂಬಿನ ತಿಂಗಳು. ನಾನಾಗ ಡಿಪ್ಲೊಮಾ ಎರಡನೇ ವರ್ಷ. ಸುಬುಹಿ ಮುಗಿಸಿ ಉಪ್ಪ ಬಂದರಿಗೆ ಹೊರಡುವ ಹೊತ್ತು. ಉಮ್ಮನಿಗೆ ಗ್ಯಾಸಿನ ವಾಸನೆ ಬಂತು. ಅವರು ಮೊದಲು ಓಡಿದ್ದು ಅಡಿಗೆಮನೆಗೆ. ಸ್ಟೌ ಆಫ್ ಆಗಿತ್ತು, ಸಿಲಿಂಡರೇ ಅಲ್ಲಿರಲಿಲ್ಲ. ಆಗ ಅವರಿಗೆ ಹೊಳೆಯಿತು. ಅಂಗಳಕ್ಕೆ ಬಂದು ಕೂಗಿದರು: "ಕೀ ತಿರುಗಿಸಬೇಡಿ!"

ಉಪ್ಪ ಸೀಟಿನಲ್ಲಿ ಕೂತಾಗಿತ್ತು, ಕೀ ಕೈಯಲ್ಲಿತ್ತು. ರಾತ್ರಿ ಮಳೆಯೆಂದು ಗಾಜುಗಳೆಲ್ಲ ಮುಚ್ಚಿದ್ದವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನಂತೆ ಕೆಳಗೆ ನಿಲ್ಲುತ್ತದೆ. ರಬ್ಬರ್ ಟ್ಯೂಬು ಸೀಟಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಬಿರುಕು ಬಿಟ್ಟಿತ್ತು. ಉಪ್ಪನಿಗೆ ನೆಗಡಿ, ಅವರಿಗೆ ವಾಸನೆಯೇ ಗೊತ್ತಾಗಿರಲಿಲ್ಲ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟಾನ್ ಬೆರೆಸುತ್ತಾರೆ. ಆ ದಿನ ನಮ್ಮನ್ನು ಉಳಿಸಿದ್ದು ಅಲ್ಲಾಹನ ಕೃಪೆ, ಆ ಬೆರಕೆ, ಮತ್ತು ಉಮ್ಮನ ಮೂಗು.

ಬಾಗಿಲುಗಳನ್ನೆಲ್ಲ ತೆರೆದು, ವಾಲ್ವ್ ಮುಚ್ಚಿ, ಗಾಡಿಯನ್ನು ತಳ್ಳಿ ಅಂಗಳದ ಆಚೆ ನಿಲ್ಲಿಸಿದೆವು. ಉಪ್ಪ ಆ ದಿನ ಬಂದರಿಗೆ ಬಸ್ಸಿನಲ್ಲಿ ಹೋದರು.

ಕಾಯಿದೆ ಅಷ್ಟರಲ್ಲಿ ಬದಲಾಗಿತ್ತು. 2000ದ ಮೋಟಾರು ವಾಹನ ತಿದ್ದುಪಡಿ, 2001ರ ಎಲ್‌ಪಿಜಿ ಆದೇಶ ಎರಡೂ ಸೇರಿ ಗಾಡಿಗೆ ಗ್ಯಾಸ್ ಹಾಕುವುದನ್ನು ಸಕ್ರಮ ಮಾಡಿದ್ದವು. ಆದರೆ ಷರತ್ತಿದೆ: ಒಪ್ಪಿಗೆ ಪಡೆದ ಕಿಟ್, ಗಾಡಿಗೆಂದೇ ಮಾಡಿದ ಟ್ಯಾಂಕ್, ಪಂಪಿನ ಆಟೋ ಗ್ಯಾಸ್, ಆರ್‌ಸಿಯಲ್ಲಿ ನಮೂದು. ಅಡಿಗೆಯ ಸಿಲಿಂಡರ್ ಆಗಲೂ ಅಪರಾಧ, ಈಗಲೂ ಅಪರಾಧ. ಸರಿಯಾದ ಟ್ಯಾಂಕಿನಲ್ಲಿ 80 ಪಾಲಿಗೆ ತಾನೇ ನಿಲ್ಲುವ ವಾಲ್ವ್ ಇದೆ. ಪೈಪು ತುಂಡಾದರೆ ಹರಿವು ತಡೆಯುವ ಏರ್ಪಾಡಿದೆ. ವಾಲ್ವಿನ ಮೇಲೆ ಮುಚ್ಚಿದ ಪೆಟ್ಟಿಗೆಯಿದ್ದು, ಸೋರಿದ್ದು ಗಾಡಿಯ ಹೊರಗೆ ಹೋಗುತ್ತದೆ. ಇಂಜಿನ್ ನಿಂತರೆ ಗ್ಯಾಸೂ ನಿಲ್ಲುತ್ತದೆ.

ಉಪ್ಪ ಎರಡು ತಿಂಗಳು ಮಾತಾಡಲಿಲ್ಲ. ಖರ್ಚು ಹೆಚ್ಚು, ಆಟೋ ಗ್ಯಾಸಿಗೆ ಮಂಗಳೂರಿಗೇ ಹೋಗಬೇಕು ಎಂಬುದು ಅವರ ವಾದ. ಬಂದರಿಗೆ ಹೇಗೂ ಹೋಗುತ್ತೀರಲ್ಲ ಎಂದು ನಾನು. ಅವರ ಪುಸ್ತಕದಲ್ಲೇ ಲೆಕ್ಕ ಬರೆದು ತೋರಿಸಿದೆ. ಲೀಟರಿಗೆ ಪೆಟ್ರೋಲಿನಲ್ಲಿ 15 ಕಿಲೋಮೀಟರ್ ಓಡಿದರೆ ಗ್ಯಾಸಿನಲ್ಲಿ 12 ಎಂದಿಟ್ಟುಕೊಳ್ಳಿ, ಏಕೆಂದರೆ ಲೀಟರ್ ಗ್ಯಾಸಿನಲ್ಲಿ ಶಕ್ತಿ ಕಡಿಮೆ. ಹಾಗಾದರೆ ಗ್ಯಾಸಿನ ಬೆಲೆ ಪೆಟ್ರೋಲಿನ ಐದನೇ ನಾಲ್ಕು ಭಾಗಕ್ಕಿಂತ ಕೆಳಗಿದ್ದರೆ ಮಾತ್ರ ಲಾಭ. ಆಗ ಕೆಳಗಿತ್ತು. ಕೊನೆಗೆ ಟ್ಯಾಂಕ್ ಕೂರಿಸಿದರು, ಆರ್‌ಟಿಒದಲ್ಲಿ ಬರೆಸಿದರು, ವಿಮೆಯವರಿಗೂ ತಿಳಿಸಿದರು. ಕೆಂಪು ಸಿಲಿಂಡರ್ ಅಡಿಗೆಮನೆಗೆ ವಾಪಸ್ ಬಂತು.

ಆಮೇಲಿನದ್ದು ನಿಮಗೆಲ್ಲ ಗೊತ್ತು. 2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರಿಗೆ ವರ್ಷಕ್ಕೆ ಆರು ಎಂದು ಮಿತಿ ಹಾಕಿದರು, ಮುಂದೆ ಅದು ಒಂಬತ್ತಾಗಿ, 2014ರಲ್ಲಿ ಹನ್ನೆರಡಾಯಿತು. ಕದ್ದು ಗಾಡಿಗೆ ಹಾಕುವುದು ಕಷ್ಟವಾಯಿತು. ಅದೇ 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ 20 ಮಂದಿ ತೀರಿಹೋದರು. ಮಂಗಳೂರಿನಿಂದ ಹೊರಟು ನಮ್ಮ ಹೆದ್ದಾರಿಯಲ್ಲೇ ಹಾದುಹೋದ ಟ್ಯಾಂಕರ್ ಅದು. ಮರುವರ್ಷ ಪೆರ್ನೆಯಲ್ಲಿ ಮತ್ತೊಂದು. ಆ ಸುದ್ದಿ ಬಂದ ಎರಡೂ ದಿನ ಉಪ್ಪ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು.

2019ರಲ್ಲಿ ಓಮ್ನಿ ತಯಾರಿ ನಿಂತಿತು. ಆದರೆ ಹಳೆಯ ಗ್ಯಾಸಿನ ಗಾಡಿಗಳು ಇನ್ನೂ ನಮ್ಮ ಒಳರಸ್ತೆಗಳಲ್ಲಿ ಓಡುತ್ತಿವೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ಇವಿಷ್ಟು ನೋಡಿ: ಟ್ಯಾಂಕಿನ ಮೇಲಿನ ಪರೀಕ್ಷೆಯ ತಾರೀಕಿಗೆ ಐದು ವರ್ಷ ದಾಟಿದೆಯಾ? ಪೈಪು ಎಲ್ಲಿಯಾದರೂ ಉಜ್ಜುತ್ತಿದೆಯಾ? ಜೋಡಣೆಯ ಜಾಗಕ್ಕೆ ಸಾಬೂನಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದಾ? ವಾಸನೆ ಬಂದರೆ ಕೀ ಮುಟ್ಟಬೇಡಿ, ಲೈಟ್ ಹಾಕಬೇಡಿ, ಮೊದಲು ಬಾಗಿಲು ತೆರೆಯಿರಿ.

ಮತ್ತೆ, ಅಡಿಗೆಮನೆಯಲ್ಲಿರುವವರನ್ನು ಒಂದು ಮಾತು ಕೇಳಿ. ಉಪ್ಪನ ಲೆಕ್ಕದ ಪುಸ್ತಕ ಈಗಲೂ ಅಂಗಡಿಯ ಮೇಜಿನೊಳಗಿದೆ. 2006ರ ಪುಟಗಳಲ್ಲಿ "ಗ್ಯಾಸ್ ಉಳಿತಾಯ" ಎಂಬ ಸಾಲಿನ ಮೊತ್ತ ಹಿಂದಿನ ವರ್ಷಕ್ಕಿಂತ ಕಡಿಮೆ. ಅದರ ಕೆಳಗೆ ಉಪ್ಪನ ಕೈಬರಹದಲ್ಲಿ ಹೊಸದೊಂದು ಸಾಲು: "ಸೌದೆ ಇಲ್ಲ."