ಚೌಡಿಕೆಯ ನರ, ಯಲ್ಲವ್ವನ ಕಾಟ: ಘಟಪ್ರಭೆ ಸೀಮೆಯ ಜೋಗಪ್ಪರ ಹಾಡು-ಕುಣಿತ

ಘಟಪ್ರಭೆಯ ದಂಡೆಯ ರಂಗಕಲೆಯ ಇತಿಹಾಸ ಬರೆಯುವವರಿಗೆ ಹೆಸರುಗಳ ಬರವಿಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಜನರ ಆಟವಾಗಿಸಿದ ಕುಲಗೋಡ ತಮ್ಮಣ್ಣ, ಅದೇ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ, ಇಬ್ಬರೂ ಮೂಡಲಗಿ ಬೇರೆಯಾಗುವ ಮುಂಚಿನ ಹಳೆಯ ಗೋಕಾಕ ತಾಲ್ಲೂಕಿನವರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಸೀಮೆಯ ಬಯಲಾಟಗಳನ್ನು ಸಂಶೋಧನೆಗೂ ಹೊಸ ನಾಟಕಕ್ಕೂ ತಂದರು. ಇದೇ ಸೀಮೆಯಲ್ಲಿ ಮಂಗಳವಾರ, ಶುಕ್ರವಾರ ಯಲ್ಲವ್ವ ದೇವಿಯ ಜಗ (ಮೂರ್ತಿಯಿಟ್ಟ ಬುಟ್ಟಿ) ಹೊತ್ತು, ಚೌಡಿಕೆ ಬಾರಿಸುತ್ತ ಜೋಗ (ಭಿಕ್ಷೆ) ಬೇಡಿದ, ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪರಿಗೆ ಮಾತ್ರ ಆ ಇತಿಹಾಸದಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

ಇದು ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಬಯಲಾಟದಲ್ಲಿ ರಾತ್ರಿಯಿಡೀ ಸತ್ಯಭಾಮೆಯಾದ ಗಂಡಸು ಬೆಳಗಾಗುತ್ತಲೇ ಸೀರೆ ಬಿಚ್ಚಿಟ್ಟು ಹೊಲಕ್ಕೆ ಹೋಗುತ್ತಾನೆ. ಅವನನ್ನು ಕಲಾವಿದ ಎನ್ನಲು ಯಾರಿಗೂ ಮುಜುಗರವಿಲ್ಲ. ಜೋಗಪ್ಪ ಮಾತ್ರ ಉಟ್ಟ ಸೀರೆಯಲ್ಲೇ ಬದುಕು ಸಾಗಿಸುತ್ತಾರೆ. ಹಾಗಾಗಿ ಅವರ ಹಾಡನ್ನು ಒಂದೋ ಭಕ್ತಿಯ ಲೆಕ್ಕಕ್ಕೆ, ಇಲ್ಲವೇ ಮೂಢನಂಬಿಕೆಯ ಲೆಕ್ಕಕ್ಕೆ ಬರೆದರು. ಕಲೆಯ ಲೆಕ್ಕಕ್ಕೆ ಬರೆದವರು ಕಡಿಮೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಭಕ್ತರಿಗೆ ಯಲ್ಲವ್ವ ನೆಲೆಸಿದ ಸವದತ್ತಿಯ ಯಲ್ಲಮ್ಮನ ಗುಡ್ಡ ದೂರದ್ದಲ್ಲ. ಮೊದಲು ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದವರು ಈಗ ಟ್ರ್ಯಾಕ್ಟರ್ ಏರುತ್ತಾರೆ, ಗುಡ್ಡದಲ್ಲೇ ಅಡುಗೆ ಮಾಡಿ, ಪರಡಿ ತುಂಬಿ ದೇವಿಗೆ ನೈವೇದ್ಯ ಮಾಡುತ್ತಾರೆ. ಈಗಿನ ಗುಡಿಯನ್ನು 1514ರಲ್ಲಿ ಕಟ್ಟಿಸಿದ್ದು ಮೂಡಲಗಿಗೆ ನೆರೆಯಾದ ರಾಯಬಾಗದ ಬೊಮ್ಮಪ್ಪ ನಾಯಕ ಎಂಬ ಹೇಳಿಕೆಯಿದೆ.

ಚೌಡಿಕೆ ಪದಗಳ ಕಥೆಯ ತಿರುಳು ಎಲ್ಲರಿಗೂ ಗೊತ್ತು. ಯಲ್ಲವ್ವನೇ ಆದ ರೇಣುಕೆ ದಿನವೂ ಮಲಪ್ರಭೆಯಲ್ಲಿ ಮಿಂದು, ಮರಳಿನಲ್ಲಿ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ ನೀರು ತರುತ್ತಾಳೆ. ಒಂದು ದಿನ ಮನಸ್ಸು ಕದಲಿ ಮರಳು ನಿಲ್ಲುವುದಿಲ್ಲ. ಗಂಡ ಜಮದಗ್ನಿಯ ಶಾಪದಿಂದ ಮೈತುಂಬ ರೋಗವಾದಾಗ ಎಕ್ಕಯ್ಯ, ಜೋಗಯ್ಯರು ಉಪಚರಿಸಿ ವಾಸಿ ಮಾಡುತ್ತಾರೆ. ಗಂಡನ ಸಿಟ್ಟು ಅಷ್ಟಕ್ಕೇ ತಣಿಯುವುದಿಲ್ಲ. ತಾಯಿಯ ತಲೆ ಕಡಿಯಲು ಒಲ್ಲೆವೆಂದ ಹಿರಿಯ ಮಕ್ಕಳು ಗಂಡಸುತನ ಕಳೆದುಕೊಳ್ಳುವ ಶಾಪ ಪಡೆಯುತ್ತಾರೆ. ಕಿರಿಯ ಮಗ ಪರಶುರಾಮ ಕಡಿಯುತ್ತಾನೆ. ಪುರಾಣ ಹೊಗಳುವುದು ಪರಶುರಾಮನನ್ನೇ. ಜೋಗಪ್ಪರು ತಮ್ಮ ಮೂಲವನ್ನು ಗುರುತಿಸಿಕೊಳ್ಳುವುದು ತಾಯಿಯ ಮೇಲೆ ಕೈಯೆತ್ತದ ಆ ಮಕ್ಕಳಲ್ಲಿ.

ಮನೆಯ ಹುಡುಗನಿಗೆ ತಲೆಯಲ್ಲಿ ಜಡೆ ಕಟ್ಟಿದರೆ, ವಾಸಿಯಾಗದ ಚರ್ಮರೋಗ ಹತ್ತಿದರೆ, ಹೆಣ್ಣಿನ ನಡಿಗೆ ಕಂಡರೆ ಹಿರಿಯರು ಅದನ್ನು ಯಲ್ಲವ್ವನ ಕಾಟ ಎಂದರು. ದೇವಿಗೆ ಒಪ್ಪಿಸಿದ ಗುರುತಾಗಿ ಮುತ್ತು ಕಟ್ಟಿಸಿ ಸೀರೆ ಉಡಿಸಿದ ಮೇಲೆ ಕಾಟ ಇಳಿಯುತ್ತದೆಂಬುದು ನಂಬಿಕೆ. ನಿಕೊಲಸ್ ಬ್ರಾಡ್‌ಫರ್ಡ್ 1983ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕಾಯಿಲೆ, ಕಾವು ಮತ್ತು ಲಿಂಗಾಂತರದ ನಂಟನ್ನೇ ಶೋಧಿಸಿದೆ. ಚೌಡಿಕೆ ಚರ್ಮರೋಗವನ್ನು ಗುಣಪಡಿಸಿತೆಂದು ನಾನು ಹೇಳುವುದಿಲ್ಲ. ಆದರೆ ಓಣಿಯವರ ಮುಂದೆ ತಲೆ ತಗ್ಗಿಸಿದ ಮನೆಗೆ, ಮಗನ ಬದಲಾವಣೆ ದೇವಿಯ ಅಪ್ಪಣೆ ಎಂದು ಹೇಳಿಕೊಳ್ಳುವ ಬಾಯಿ ಬಂತು. ವಾಸಿಯಾದದ್ದು ಅದು. ಹೊರಹಾಕಿಸಿಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು.

ಚೌಡಿಕೆ ಎಂಬ ವಾದ್ಯ ಸರಳ. ಟೊಳ್ಳು ಕೊಳವೆಯ ಒಂದು ಬಾಯಿಗೆ ಚರ್ಮ, ಅದರ ನಡುವಿಂದ ಹೊರಟ ಒಂದು ನರ. ಕಂಕುಳಲ್ಲಿ ಅವುಚಿ, ಒಂದು ಕೈಯಲ್ಲಿ ನರ ಜಗ್ಗಿ ಸಡಿಲಿಸುತ್ತ, ಇನ್ನೊಂದು ಕೈಯ ಕಡ್ಡಿಯಿಂದ ಮೀಟಿದರೆ ದನಿ ಮನುಷ್ಯರ ಬಿಕ್ಕಿನಂತೆ ಏರಿಳಿಯುತ್ತದೆ. ಜೊತೆಗೆ ಶ್ರುತಿ, ತಾಳ. ಕುಣಿಯುವವರ ತಲೆಯ ಮೇಲೆ ದೇವಿಯ ಮುಖ ಕಟ್ಟಿದ ಹಿತ್ತಾಳೆ ಕೊಡ. ಕೈ ಹಚ್ಚದೆ ಕೂರುತ್ತಾರೆ, ಮಲಗುತ್ತಾರೆ, ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುತ್ತಾರೆ. ರೇಣುಕೆಯ ತಲೆಯ ಮೇಲೆ ನಿಲ್ಲದೆ ಹೋದ ಕೊಡ ಇವರ ತಲೆಯ ಮೇಲೆ ನಿಲ್ಲುತ್ತದೆ. ಗುಡ್ಡದ ಜಾತ್ರೆಯಲ್ಲಿ ಹೊಸ್ತಿಲ ಹುಣ್ಣಿಮೆಗೆ ಯಲ್ಲವ್ವ ರಂಡೆಯಾದಳೆಂದು ಬಳೆ ಒಡೆದು ಅಳುತ್ತಾರೆ, ಮಾಘದ ಭಾರತ ಹುಣ್ಣಿಮೆಗೆ ಮುತ್ತೈದೆಯಾದಳೆಂದು ಹಸಿರು ಬಳೆ ಇಡುತ್ತಾರೆ. ದುಃಖಕ್ಕೂ ಹಬ್ಬಕ್ಕೂ ಹೀಗೆ ತಿಥಿ ಗೊತ್ತುಮಾಡಿದ ಜಾತ್ರೆಗಳು ಹೆಚ್ಚಿಲ್ಲ.

ದೇವಿಗೂ ಜೋಗಪ್ಪರಿಗೂ ಇರುವ ಈ ಸಂಬಂಧಕ್ಕೆ ಕೆರಿಬಿಯನ್ ದ್ವೀಪಗಳಲ್ಲಿ ದೂರದ ಹೋಲಿಕೆ ಕಾಣುತ್ತದೆ. ಹೈತಿಯ ವೊಡೂ ಪಂಥದಲ್ಲಿ ಎಜಿಲಿ ದಾಂತೊ ದೇವಿ ಹೆಣ್ಣಿಗತನದ ಗಂಡಸರನ್ನು ಕಾಯುತ್ತಾಳೆ, ನಗಾರಿಯ ಬಡಿತಕ್ಕೆ ಅವರ ಮೈಮೇಲೆ ಬರುತ್ತಾಳೆ. 2002ರ ಒಂದು ಸಾಕ್ಷ್ಯಚಿತ್ರ ಅವರ ಬದುಕನ್ನು ದಾಖಲಿಸಿದೆ.

ಜೋಗಪ್ಪರ ವಿಷಯದಲ್ಲಿ ನಮ್ಮ ಕಾನೂನಿನ ಕಥೆ ವಿಚಿತ್ರ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಅಗತ್ಯವಾಗಿತ್ತು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಅನುಭವಿಸಿದ ಶೋಷಣೆ ಕಡಿಮೆಯದಲ್ಲ. ಆದರೆ ಆ ಕಾಯ್ದೆಯಲ್ಲಿ ದೇವದಾಸಿ ಎಂದರೆ ಮಹಿಳೆ ಮಾತ್ರ. 1993–94 ಮತ್ತು 2007–08ರ ಸಮೀಕ್ಷೆಗಳು ಎಣಿಸಿದ್ದೂ ಮಹಿಳೆಯರನ್ನೇ. ಮುತ್ತು ಕಟ್ಟುವುದರ ಮೇಲೆ ಬಿದ್ದ ಭಯ ಜೋಗಪ್ಪರಿಗೂ ತಟ್ಟಿತು, ಪುನರ್ವಸತಿ ತಟ್ಟಲಿಲ್ಲ. ‘ಅನೇಕ’ ಎಂಬ ಸಂಸ್ಥೆಯ 2014ರ ಅಧ್ಯಯನ ಜೋಗಪ್ಪರ ಬದುಕನ್ನೇ ವಿಷಯವಾಗಿ ತೆಗೆದುಕೊಂಡಿತು. ಅದೇ ವರ್ಷ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2021ರಲ್ಲಿ ರಾಜ್ಯ ಸರ್ಕಾರ ತೃತೀಯ ಲಿಂಗಿಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು.

ಅದೇ ವರ್ಷ ಇದೇ ಪರಂಪರೆಯ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆದರು. 2019ರಲ್ಲೇ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಕಾಳವ್ವ ಜೋಗತಿಯ ಬಳಿ ಕಲಿತ ಕುಣಿತವನ್ನು ಅವರು ಬೀದಿಯಿಂದ ವೇದಿಕೆಗೆ ತಂದದ್ದು ದೊಡ್ಡ ಕೆಲಸ. ಅವರದು ಬಳ್ಳಾರಿ ಸೀಮೆ. ಅಲ್ಲಿನ ಧಾಟಿಯೇ ಘಟಪ್ರಭೆಯ ಧಾಟಿಯೂ ಎಂದು ತಿಳಿಯುವುದು ಸಂಶೋಧಕರ ಸೋಮಾರಿತನ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಿರಿಯ ಜೋಗಪ್ಪರ ಚೌಡಿಕೆ ಪದಗಳನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಬೇಕು; ಹಾಡಿದವರು ತಾವು ಒಪ್ಪಿಕೊಂಡ ಹೆಸರಿನಲ್ಲೇ ದಾಖಲಾಗಬೇಕು, ಸಂಭಾವನೆಯೂ ಅವರ ಕೈಗೇ ಸಲ್ಲಬೇಕು.