48 ಕಿಲೋಬೈಟಿನ ಗೋಡೆ ಮತ್ತು ಒಂದು ಕಂಪನಿಯ ಪತನ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 1984ರಲ್ಲಿ ಬಿಬಿಸಿ ದೂರದರ್ಶನದ ತಂಡವೊಂದು ಚಿತ್ರೀಕರಣ ನಡೆಸುತ್ತಿತ್ತು. ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಎರಡೇ ವರ್ಷದ ಕಂಪನಿ ಕಂಪ್ಯೂಟರ್ ಆಟಗಳನ್ನು ತಯಾರಿಸಿ ಹೇಗೆ ಹೆಸರು ಮತ್ತು ಹಣ ಎರಡನ್ನೂ ಗಳಿಸಿತು ಎಂದು ತೋರಿಸುವುದು ಆ ತಂಡದ ಉದ್ದೇಶವಾಗಿತ್ತು. ಆದರೆ ಕ್ಯಾಮೆರಾದಲ್ಲಿ ದಾಖಲಾದದ್ದೇ ಬೇರೆ. ಬಾಕಿ ವಸೂಲಿಗಾಗಿ ಅಮೀನರು ಕಚೇರಿಗೆ ಬಂದರು. ನೌಕರರು ತಮ್ಮದೇ ಕಚೇರಿಯ ಬಾಗಿಲ ಹೊರಗೆ ನಿಲ್ಲಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿತ್ರ ಪ್ರಸಾರವಾಗುವ ಹೊತ್ತಿಗೆ ಕಂಪನಿಯೇ ಇರಲಿಲ್ಲ.

ಈ ಪತನಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ದುಂದುವೆಚ್ಚ. ಅದು ಸುಳ್ಳಲ್ಲ. ಆದರೆ ವಿಜ್ಞಾನ ಓದುವವರು ಮತ್ತು ಕಲಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದರಲ್ಲಿದೆ. ಅದು ಆ ಕಾಲದ ಕಂಪ್ಯೂಟರಿನ ಮೆಮೊರಿಗೆ ಇದ್ದ ಮಿತಿ ಮತ್ತು ಆ ಮಿತಿಯನ್ನು ದಾಟಲು ಕಂಪನಿ ಆರಿಸಿಕೊಂಡ ದಾರಿ.

ಕೆಲಸವಿಲ್ಲದ ಊರಿನಲ್ಲಿ ಹೊಸ ಕೆಲಸ

ಲಿವರ್‌ಪೂಲ್ ಒಂದು ಕಾಲಕ್ಕೆ ಬ್ರಿಟನ್ನಿನ ದೊಡ್ಡ ಬಂದರುಗಳಲ್ಲಿ ಒಂದು. ಸರಕು ಸಾಗಣೆ ಕಂಟೇನರುಗಳಿಗೆ ಬದಲಾದಾಗ ಹಳೆಯ ಹಡಗುಕಟ್ಟೆಗಳಲ್ಲಿ ಮೂಟೆ ಹೊರುವ ಕೆಲಸ ಕಡಿಮೆಯಾಯಿತು. 1981ರಲ್ಲಿ ಅಲ್ಲಿನ ಟೇಟ್ ಅಂಡ್ ಲೈಲ್ ಸಕ್ಕರೆ ಕಾರ್ಖಾನೆ ಮುಚ್ಚಿತು. ಅದೇ ವರ್ಷದ ಜುಲೈನಲ್ಲಿ ಟಾಕ್ಸ್‌ಟೆತ್ ಬಡಾವಣೆಯಲ್ಲಿ ದೊಡ್ಡ ಗಲಭೆ ನಡೆಯಿತು. ಶಾಲೆ ಮುಗಿಸಿದ ಹುಡುಗರಿಗೆ ಕೆಲಸ ಸಿಗುವುದು ದುರ್ಲಭವಾಗಿದ್ದ ಊರು ಅದು.

ಅಂಥ ಊರಿನಲ್ಲಿ 1982ರಲ್ಲಿ ಇಮ್ಯಾಜಿನ್ ಹುಟ್ಟಿತು. ಬಗ್-ಬೈಟ್ ಎಂಬ ಸ್ಥಳೀಯ ಸಂಸ್ಥೆಯಿಂದ ಹೊರಬಂದ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ ಅದರ ಸ್ಥಾಪಕರಲ್ಲಿ ಪ್ರಮುಖರು. ಅವರ ಮೊದಲ ಆಟ ‘ಆರ್ಕೇಡಿಯಾ’ ಚೆನ್ನಾಗಿ ಮಾರಾಟವಾಯಿತು. ಅದರ ಬೆನ್ನಿಗೇ ಹಲವು ಆಟಗಳು ಬಂದವು. ಅವುಗಳಲ್ಲಿ ‘ಮೋಲಾರ್ ಮಾಲ್’ ಎಂಬುದು ಬ್ಯಾಕ್ಟೀರಿಯಾಗಳ ದಾಳಿಯಿಂದ ಹಲ್ಲುಗಳನ್ನು ಬ್ರಷ್ ಮತ್ತು ಪೇಸ್ಟಿನಿಂದ ಕಾಪಾಡುವ ಆಟ. (ಆರೋಗ್ಯಶಿಕ್ಷಣದ ಪಾಠಕ್ಕೆ ಈಗಲೂ ಒದಗೀತು!) ಅದನ್ನು ಬರೆದ ಜಾನ್ ಗಿಬ್ಸನ್ ಅವರಿಗೆ ಸಹೋದ್ಯೋಗಿಗಳು ಇಟ್ಟಿದ್ದ ಅಡ್ಡಹೆಸರು ‘ಅಜ್ಜ’. ಅವರು ಮೂವತ್ತು ದಾಟಿದ್ದರು, ಅಷ್ಟೇ. ಇದರಿಂದ ಉಳಿದವರ ವಯಸ್ಸನ್ನು ನೀವೇ ಊಹಿಸಬಹುದು. ಹದಿಹರೆಯದ ಪ್ರೋಗ್ರಾಮರ್ ಒಬ್ಬ ವರ್ಷಕ್ಕೆ 35 ಸಾವಿರ ಪೌಂಡ್ ಗಳಿಸುತ್ತಾನೆ ಎಂದು ಪತ್ರಿಕೆಗಳು ಬರೆದವು. ಇದರಲ್ಲಿ ಪ್ರಚಾರದ ಪಾಲೆಷ್ಟು ಎಂಬುದು ಬೇರೆ ಮಾತು. ಕೆಲಸವಿಲ್ಲದ ಊರಿನಲ್ಲಿ ಆ ಸುದ್ದಿ ಹುಟ್ಟಿಸಿದ ಆಸೆ ಮಾತ್ರ ನಿಜವಾದದ್ದು.

ಯಂತ್ರದೊಳಗಿನ ಜಾಗ

ಇಮ್ಯಾಜಿನ್‌ನ ಆಟಗಳಲ್ಲಿ ಹೆಚ್ಚಿನವು ಸಿಂಕ್ಲೇರ್ ಕಂಪನಿಯ ಜ಼ಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಗೃಹಕಂಪ್ಯೂಟರಿಗಾಗಿ ತಯಾರಾದವು. 1982ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಈ ಯಂತ್ರಕ್ಕೆ ರಬ್ಬರಿನ ಕೀಲಿಗಳು. ತೆರೆಯಾಗಿ ಮನೆಯ ಟಿವಿ, ಕ್ರಮವಿಧಿಗಳನ್ನು ತುಂಬಲು ಸಾಧಾರಣ ಟೇಪ್‌ರೆಕಾರ್ಡರ್. ದುಬಾರಿ ಮಾದರಿಯಲ್ಲಿ ಇದ್ದ ಮೆಮೊರಿ 48 ಕಿಲೋಬೈಟ್, ಅಂದರೆ 49,152 ಬೈಟ್.

ಈ ಮೆಮೊರಿ ಹೇಗೆ ಖರ್ಚಾಗುತ್ತಿತ್ತು, ಲೆಕ್ಕ ಹಾಕಿ ನೋಡೋಣ. ತೆರೆಯ ಮೇಲೆ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು. ಗುಣಿಸಿದರೆ 49,152 ಚುಕ್ಕೆ. ಒಂದು ಚುಕ್ಕೆಗೆ ಒಂದು ಬಿಟ್‌ನಂತೆ, ಎಂಟು ಬಿಟ್‌ಗೆ ಒಂದು ಬೈಟ್ ಎಂದರೆ 6,144 ಬೈಟ್ ಬೇಕು. ಬಣ್ಣಗಳ ಮಾಹಿತಿಗೆ ಇನ್ನೂ 768. ಒಟ್ಟು 6,912 ಬೈಟ್ ತೆರೆಗೇ ಹೋಯಿತು. ಉಳಿದ ಸುಮಾರು 42 ಸಾವಿರ ಬೈಟ್‌ನಲ್ಲಿ ಆಟದ ನಿಯಮ, ಚಿತ್ರಗಳು, ಶಬ್ದ, ಅಂಕಗಳ ಲೆಕ್ಕ ಎಲ್ಲವೂ ಹಿಡಿಸಬೇಕು. ಹೀಗಾಗಿ ಪ್ರೋಗ್ರಾಮರ್‌ಗಳು ಯಂತ್ರಭಾಷೆಯಲ್ಲಿ ಒಂದೊಂದು ಬೈಟ್‌ಗೂ ಚೌಕಾಸಿ ಮಾಡುತ್ತ ಬರೆಯುತ್ತಿದ್ದರು. ಕ್ಯಾಸೆಟ್ಟಿನಿಂದ ಈ 48 ಕಿಲೋಬೈಟ್ ತುಂಬಲು ಸುಮಾರು ಐದು ನಿಮಿಷ ಕಾಯಬೇಕಿತ್ತು.

ಹೆಚ್ಚು ಮೆಮೊರಿ ಸೇರಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಸಮಸ್ಯೆ ಇದ್ದದ್ದು ಅಲ್ಲೇ. ಸ್ಪೆಕ್ಟ್ರಮ್‌ನ ಜ಼ಡ್80 ಮೈಕ್ರೊಪ್ರೊಸೆಸರಿಗೆ 16 ವಿಳಾಸ ತಂತಿಗಳು. 2ರ 16ನೇ ಘಾತ 65,536. ಅದಕ್ಕಿಂತ ಹೆಚ್ಚು ಕೋಣೆಗಳನ್ನು ಆ ಪ್ರೊಸೆಸರ್ ಒಂದೇ ಸಲಕ್ಕೆ ಗುರುತಿಸಲಾರದು. ಯಂತ್ರದ ಶಾಶ್ವತ ಮೆಮೊರಿಗೆ 16 ಕಿಲೋಬೈಟ್, ಬಳಕೆಯ ಮೆಮೊರಿಗೆ 48, ಒಟ್ಟು 64. ವಿಳಾಸಗಳೆಲ್ಲ ಮುಗಿದವು! ಇದನ್ನು ಮೀರುವ ಉಪಾಯ ಒಂದಿದೆ. ಎರಡು ಮುಖದ, ತಿರುಗಿಸಬಹುದಾದ ಕಪ್ಪುಹಲಗೆಯನ್ನು ನೆನಪಿಸಿಕೊಳ್ಳಿ. ತರಗತಿಯಲ್ಲಿ ಜಾಗ ಒಂದೇ ಹಲಗೆಗೆ. ಆದರೆ ತಿರುಗಿಸಿದರೆ ಇನ್ನೊಂದು ಪಾಠ ಕಾಣುತ್ತದೆ. ಹಾಗೆಯೇ ಒಂದೇ ವಿಳಾಸಗಳಿಗೆ ಒಮ್ಮೆ ಒಂದು ಮೆಮೊರಿ ಪುಟವನ್ನೂ ಇನ್ನೊಮ್ಮೆ ಮತ್ತೊಂದನ್ನೂ ಜೋಡಿಸಬಹುದು. ಇದಕ್ಕೆ ಹೆಚ್ಚುವರಿ ಯಂತ್ರಾಂಶ ಬೇಕು, ಅಂದರೆ ಹೆಚ್ಚುವರಿ ಹಣ ಬೇಕು.

ಕ್ಯಾಸೆಟ್ಟುಗಳ ರಾಶಿ

ಆ ಹೊತ್ತಿಗೆ ಹಣದ ಕಡೆ ಪರಿಸ್ಥಿತಿ ಹದಗೆಡತೊಡಗಿತ್ತು. ಬ್ರಿಟನ್ನಿನಲ್ಲಿ ಆಟಗಳ ವ್ಯಾಪಾರದ ದೊಡ್ಡ ಭಾಗ ನಡೆಯುವುದು ಕ್ರಿಸ್‌ಮಸ್ ಕಾಲದಲ್ಲಿ. 1983ರ ಕ್ರಿಸ್‌ಮಸ್ಸಿಗೆ ಮುನ್ನ ಇಮ್ಯಾಜಿನ್ ಒಂದು ಜಾಣತನ ಮಾಡಲು ಹೋಯಿತು. ಕ್ಯಾಸೆಟ್ ಪ್ರತಿ ಮಾಡಿಕೊಡುವ ಕಾರ್ಖಾನೆಯ ಸಾಮರ್ಥ್ಯವನ್ನೆಲ್ಲ ತಾನೇ ಮುಂಗಡ ಕಾದಿರಿಸಿ, ಪ್ರತಿಸ್ಪರ್ಧಿಗಳ ಆಟಗಳು ಅಂಗಡಿಗೆ ಬಾರದಂತೆ ತಡೆಯುವುದು ಅದರ ಲೆಕ್ಕಾಚಾರವಾಗಿತ್ತು ಎಂದು ಬ್ರಿಟನ್ನಿನ ‘ಕ್ರ್ಯಾಶ್’ ಪತ್ರಿಕೆ ಆಮೇಲೆ ವರದಿ ಮಾಡಿತು. ಹಬ್ಬ ಮುಗಿದಾಗ ಪ್ರತಿಸ್ಪರ್ಧಿಗಳು ಸಾಯಲಿಲ್ಲ. ಇಮ್ಯಾಜಿನ್ ಬಳಿ ಮಾತ್ರ ಮಾರಾಟವಾಗದ ಕ್ಯಾಸೆಟ್ಟುಗಳ ರಾಶಿ ಉಳಿಯಿತು. ನಕಲು ಮಾಡುವವರ ಕಾಟವೂ ಇತ್ತು. ಎರಡು ಟೇಪ್‌ರೆಕಾರ್ಡರ್‌ಗಳಿದ್ದರೆ ಐದೂವರೆ ಪೌಂಡಿನ ಆಟದ ನಕಲು ಖಾಲಿ ಕ್ಯಾಸೆಟ್ಟಿನ ಬೆಲೆಗೆ ಸಿದ್ಧ. ಇನ್ನೊಂದು ಕಡೆ, ಮಾರ್ಷಲ್ ಕ್ಯಾವೆಂಡಿಶ್ ಎಂಬ ಪ್ರಕಾಶನ ಸಂಸ್ಥೆಗೆ ಆಟಗಳನ್ನು ಮಾಡಿಕೊಡುವ ಒಪ್ಪಂದವೂ ಮುರಿದುಬಿತ್ತು. ಅದನ್ನು ನಂಬಿ ಹೆಚ್ಚಿಸಿಕೊಂಡಿದ್ದ ಸಿಬ್ಬಂದಿಗೆ ಸಂಬಳ ಕೊಡುವುದು ಹೊರೆಯಾಯಿತು.

ಹೀಗೆ ಕೈ ಬಿಗಿಯಾಗಿದ್ದಾಗಲೇ ಕಂಪನಿ ಗೋಡೆ ಒಡೆಯಲು ಹೊರಟದ್ದು. ‘ಬ್ಯಾಂಡರ್‌ಸ್ನ್ಯಾಚ್’ ಮತ್ತು ‘ಸೈಕ್ಲ್ಯಾಪ್ಸ್’ ಎಂಬ ಎರಡು ‘ಮೆಗಾಗೇಮ್’ಗಳನ್ನು ಅದು ಘೋಷಿಸಿತು. ಇವು ಬರಿಯ ಕ್ಯಾಸೆಟ್ಟುಗಳಲ್ಲ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದು ಪೆಟ್ಟಿಗೆಯೂ ಜೊತೆಗೆ ಬರುತ್ತದೆ. ಅದು ಯಂತ್ರದ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ. ಪೆಟ್ಟಿಗೆಯಿಲ್ಲದೆ ಆಟ ನಡೆಯದ ಕಾರಣ ನಕಲು ಮಾಡುವವರ ಕಾಟವೂ ತಪ್ಪುತ್ತದೆ. ಒಂದೇ ಕಲ್ಲಿಗೆ ಎರಡು ಹಣ್ಣು ಎಂದು ತೋರುವ ಉಪಾಯ.

ಆದರೆ ಬೆಲೆ? ಸುಮಾರು 40 ಪೌಂಡ್. ಆಗ 48 ಕಿಲೋಬೈಟಿನ ಸ್ಪೆಕ್ಟ್ರಮ್ ಯಂತ್ರದ್ದೇ ಬೆಲೆ 130 ಪೌಂಡಿಗೆ ಇಳಿದಿತ್ತು. ಒಂದು ಆಟಕ್ಕೆ ಕಂಪ್ಯೂಟರಿನ ಬೆಲೆಯ ಮೂರನೆಯ ಒಂದರಷ್ಟು ಕೊಡುವವರು ಯಾರು? ಜೇಬುಖರ್ಚಿನ ಹಣ ಕೂಡಿಟ್ಟು ಕ್ಯಾಸೆಟ್ ಕೊಳ್ಳುವ ಶಾಲಾ ಮಕ್ಕಳೇ? ನನಗನ್ನಿಸುವಂತೆ ಯಂತ್ರಾಂಶದ ಲೆಕ್ಕ ಸರಿಯಿತ್ತು, ಕೊಳ್ಳುವವರ ಲೆಕ್ಕ ತಪ್ಪಿತ್ತು. ಒಳಗಿನ ಕೊಠಡಿಯಲ್ಲಿ ಬೈಟ್ ಬೈಟ್ ಎಣಿಸುವ ಪ್ರೋಗ್ರಾಮರ್‌ಗಳಿದ್ದ ಕಂಪನಿಯಲ್ಲಿ ಪೌಂಡುಗಳನ್ನು ಹಾಗೆ ಎಣಿಸುವವರು ಇರಲಿಲ್ಲ ಎಂಬುದು ವಿಚಿತ್ರ. ಆಟಗಳು ಸಿದ್ಧವಾಗುವ ಮೊದಲೇ, ನಾಲ್ವರು ಪ್ರೋಗ್ರಾಮರ್‌ಗಳ ಫೋಟೊ ಸಮೇತ ಪತ್ರಿಕೆಗಳಲ್ಲಿ ಜಾಹೀರಾತುಗಳು ಬಂದವು. ಜಾಹೀರಾತಿಗೂ ಬಿಲ್ಲು ಬರುತ್ತದಲ್ಲವೆ?

ಕೊನೆಯ ಪೆಟ್ಟು ಬಿದ್ದದ್ದು ಅಂಥದೇ ಬಿಲ್ಲಿನಿಂದ. ಪತ್ರಿಕಾ ಪ್ರಕಾಶಕರಾದ ವಿಎನ್‌ಯು ಬಿಸಿನೆಸ್ ಪ್ರೆಸ್ ತಮ್ಮ ಪತ್ರಿಕೆಯಲ್ಲಿ ಹಾಕಿದ ಜಾಹೀರಾತಿನ ಬಾಕಿಗಾಗಿ ನ್ಯಾಯಾಲಯಕ್ಕೆ ಹೋದರು. ಬಾಕಿ ಸುಮಾರು 10 ಸಾವಿರ ಪೌಂಡ್. ಕಂಪನಿಯ ಒಟ್ಟು ಸಾಲ ಅದಕ್ಕಿಂತ ಹಲವು ಪಟ್ಟು, ಲಕ್ಷಗಳ ಲೆಕ್ಕದಲ್ಲಿತ್ತು. ಈ ಹತ್ತು ಸಾವಿರವನ್ನೂ ಹೊಂದಿಸಲಾಗಲಿಲ್ಲ. 1984ರ ಜುಲೈ 9ರಂದು ಲಂಡನ್ನಿನ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. (2018ರ ಕೊನೆಯಲ್ಲಿ ಬಂದ ‘ಬ್ಲ್ಯಾಕ್ ಮಿರರ್: ಬ್ಯಾಂಡರ್‌ಸ್ನ್ಯಾಚ್’ ಚಲನಚಿತ್ರದ ಕತೆ ಇದೇ ದಿನಾಂಕದಿಂದ ಆರಂಭವಾಗುವುದು ಆಕಸ್ಮಿಕವೇನಲ್ಲ.)

ಅದೇ ಗೋಡೆ, ಬೇರೆ ದಾರಿ

ಇಮ್ಯಾಜಿನ್ ಮುಚ್ಚಿ ಎರಡು ತಿಂಗಳು ಕಳೆದಿತ್ತು. 1984ರ ಸೆಪ್ಟೆಂಬರ್‌ನಲ್ಲಿ ‘ಎಲೀಟ್’ ಎಂಬ ಆಟ ಬಿಡುಗಡೆಯಾಯಿತು. ಬರೆದವರು ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್. ಯಂತ್ರ ಬಿಬಿಸಿ ಮೈಕ್ರೊ. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ. ಹಿರಿಯ ಶಿಕ್ಷಕರಲ್ಲಿ ಕೆಲವರಿಗೆ ಅದರ ಪರಿಚಯ ಇರಬಹುದು. ಅದರ ಮೆಮೊರಿ 32 ಕಿಲೋಬೈಟ್, ಸ್ಪೆಕ್ಟ್ರಮ್‌ಗಿಂತ ಕಡಿಮೆ. ಆದರೂ ‘ಎಲೀಟ್’ನಲ್ಲಿ ಎಂಟು ಗ್ಯಾಲಕ್ಸಿಗಳು, ಒಂದೊಂದರಲ್ಲಿ 256 ನಕ್ಷತ್ರಗಳು. ಒಟ್ಟು 2,048 ನಕ್ಷತ್ರಗಳಿಗೂ ಹೆಸರು, ಸ್ಥಾನ, ವ್ಯಾಪಾರದ ವಿವರ ಇದ್ದವು!

ಇದು ಹೇಗೆ ಸಾಧ್ಯವಾಯಿತು? ನಕ್ಷತ್ರಗಳ ವಿವರವನ್ನು ಅವರು ಮೆಮೊರಿಯಲ್ಲಿ ಇಡಲೇ ಇಲ್ಲ. ಮೂರು ಆರಂಭಸಂಖ್ಯೆಗಳನ್ನು, ಅಂದರೆ ಆರು ಬೈಟ್‌ಗಳನ್ನು ಮಾತ್ರ ಇಟ್ಟರು. ಹಿಂದಿನ ಮೂರು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು, ಮೊತ್ತ ಮಿತಿ ಮೀರಿದರೆ ಮೇಲಿನ ಅಂಕೆ ಬಿಟ್ಟುಬಿಡುವುದು. ಫಿಬೊನಾಚಿ ಶ್ರೇಣಿಯ ಸೋದರ ಎನ್ನಿ. ನೀವು ತರಗತಿಯಲ್ಲೇ ಮಾಡಿ ನೋಡಬಹುದು. 23, 48, 61 ತೆಗೆದುಕೊಳ್ಳಿ. ಮೊತ್ತ 132, ಕೊನೆಯ ಎರಡು ಅಂಕೆ ಇಟ್ಟುಕೊಂಡರೆ 32. ಮುಂದೆ 41, ಆಮೇಲೆ 34, 07, 82... ನೋಡಲು ಗೊತ್ತುಗುರಿಯಿಲ್ಲದ ಸಂಖ್ಯೆಗಳು. ಆದರೆ ಅದೇ ಮೂರು ಸಂಖ್ಯೆಗಳಿಂದ ಆರಂಭಿಸಿದರೆ ಪ್ರತಿ ಸಲವೂ ಇದೇ ಸಾಲು ಬರುತ್ತದೆ. ಈ ಸಂಖ್ಯೆಗಳ ಬಿಟ್‌ಗಳೇ ನಕ್ಷತ್ರದ ಹೆಸರನ್ನೂ ಸ್ಥಾನವನ್ನೂ ನಿರ್ಧರಿಸುತ್ತವೆ. ಬೇಕಾದಾಗ ಲೆಕ್ಕ ಮಾಡಿ ಪಡೆಯಬಹುದಾದದ್ದನ್ನು ಕೂಡಿಟ್ಟುಕೊಳ್ಳುವುದೇಕೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಜಾಣ ವಿದ್ಯಾರ್ಥಿಗಳು ಗೆದ್ದರು, ದಡ್ಡ ಕಂಪನಿ ಸೋತಿತು ಎಂದು ತೀರ್ಮಾನಿಸಿದರೆ ಅದು ನ್ಯಾಯವಲ್ಲ. ಬ್ರೇಬನ್ ಮತ್ತು ಬೆಲ್ ಆ ಆಟಕ್ಕೆ ಸುಮಾರು ಎರಡು ವರ್ಷ ತೆಗೆದುಕೊಂಡರು. ಅವರಿಗೆ ತಿಂಗಳ ಕೊನೆಗೆ ಸಂಬಳ ಕೊಡಬೇಕಾದ ಸಿಬ್ಬಂದಿ ಇರಲಿಲ್ಲ. ಕಾಯಬಲ್ಲವರಿಗೆ ಗಣಿತ ಒಲಿಯಿತು. ಇಮ್ಯಾಜಿನ್‌ಗೆ ಕಾಯುವ ಶಕ್ತಿ ಇರಲಿಲ್ಲ. ಅದರ ಪುಟ ಬದಲಿಸುವ ಉಪಾಯವೂ ತಾಂತ್ರಿಕವಾಗಿ ಹುಚ್ಚು ಕನಸೇನಲ್ಲ. ಸಿಂಕ್ಲೇರ್ ಕಂಪನಿಯೇ ಸ್ಪೆಕ್ಟ್ರಮ್ 128 ಎಂಬ ಮಾದರಿಯನ್ನು 1985ರಲ್ಲಿ ಸ್ಪೇನಿನಲ್ಲಿ, 1986ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿಯೂ ಜ಼ಡ್80 ಪ್ರೊಸೆಸರೇ, 16 ವಿಳಾಸ ತಂತಿಗಳೇ. 128 ಕಿಲೋಬೈಟನ್ನು ಪುಟ ಪುಟವಾಗಿ ತಿರುಗಿಸುವ ವ್ಯವಸ್ಥೆ ಮಾತ್ರ ಯಂತ್ರದ ಒಳಗೇ ಇತ್ತು. 1985ರಲ್ಲೇ 512 ಕಿಲೋಬೈಟಿನ ಅಟಾರಿ ಎಸ್‌ಟಿ ಕೂಡ ಬಂತು. ಇಮ್ಯಾಜಿನ್ ಯಾವ ಗೋಡೆಗೆ ತಲೆ ಚಚ್ಚಿಕೊಂಡಿತೋ ಆ ಗೋಡೆ ಎರಡು ವರ್ಷದಲ್ಲಿ ತಾನಾಗಿಯೇ ಕುಸಿಯಿತು.

ನೌಕರರು ಎಲ್ಲಿಗೆ ಹೋದರು?

ಕಂಪನಿಯ ಹೆಸರನ್ನು ಮ್ಯಾಂಚೆಸ್ಟರಿನ ಓಷನ್ ಸಾಫ್ಟ್‌ವೇರ್ ಕೊಂಡುಕೊಂಡಿತು. ಬಿಬಿಸಿಯ ಅದೇ ಚಿತ್ರದಲ್ಲಿ ಇಮ್ಯಾಜಿನ್ ಜೊತೆಗೆ ತೋರಿಸಿದ್ದ ಇನ್ನೊಂದು ಕಂಪನಿ ಇದೇ. ಹಳೆಯ ಆಟಗಳ ಹಕ್ಕು ಬೇರೆಯವರ ಪಾಲಾಯಿತು. ಹೆಸರು, ಹಕ್ಕು, ಮೇಜು, ಕುರ್ಚಿ ಇವನ್ನೆಲ್ಲ ಮಾರಬಹುದು. 42 ಸಾವಿರ ಬೈಟಿನೊಳಗೆ ಆಟ ಹಿಡಿಸುವ ಕೌಶಲವನ್ನು ಅಮೀನರು ಜಪ್ತಿ ಮಾಡಲಾಗಲಿಲ್ಲ. ಅದು ಕೆಲಸ ಕಳೆದುಕೊಂಡವರ ಜೊತೆಗೇ ಹೊರನಡೆಯಿತು.

ಅವರಲ್ಲಿ ಕೆಲವರು ಸೇರಿ ಅದೇ ವರ್ಷ ಲಿವರ್‌ಪೂಲಿನಲ್ಲಿ ಡೆಂಟನ್ ಡಿಸೈನ್ಸ್ ಎಂಬ ಸಂಸ್ಥೆ ಕಟ್ಟಿದರು. 1986ರ ಅವರ ‘ದ ಗ್ರೇಟ್ ಎಸ್ಕೇಪ್’ 48 ಕಿಲೋಬೈಟಿನ ಸ್ಪೆಕ್ಟ್ರಮ್‌ನಲ್ಲಿ, ಯಾವ ಪೆಟ್ಟಿಗೆಯ ನೆರವೂ ಇಲ್ಲದೆ, ಒಂದು ಇಡೀ ಯುದ್ಧಕೈದಿಗಳ ಶಿಬಿರವನ್ನು ಅದರ ದಿನಚರಿ ಸಮೇತ ತೋರಿಸಿತು. ಲಾಸನ್ ಮತ್ತು ಇಮ್ಯಾಜಿನ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಇಯಾನ್ ಹೆದರಿಂಗ್ಟನ್ ಮುಂತಾದವರು ಸೇರಿ ಸಿಗ್ನೋಸಿಸ್ ಎಂಬ ಕಂಪನಿ ಆರಂಭಿಸಿದರು. ‘ಬ್ಯಾಂಡರ್‌ಸ್ನ್ಯಾಚ್’ನ ಕಲ್ಪನೆಗಳು ‘ಬ್ರಟಾಕಸ್’ ಎಂಬ ಹೆಸರಿನಲ್ಲಿ ಅಟಾರಿ ಎಸ್‌ಟಿಯಂಥ ದೊಡ್ಡ ಮೆಮೊರಿಯ ಯಂತ್ರಗಳಿಗೆ ಬಂದವು. ನಿಜ ಹೇಳಬೇಕೆಂದರೆ, ಅಷ್ಟೆಲ್ಲ ಕಾದವರಿಗೆ ಆ ಆಟ ಅಂಥ ಅದ್ಭುತವಾಗೇನೂ ತೋರಲಿಲ್ಲ. ಆದರೆ 1991ರಲ್ಲಿ ಅದೇ ಕಂಪನಿ ಪ್ರಕಟಿಸಿದ, ಸ್ಕಾಟ್‌ಲೆಂಡಿನ ಡಿಎಂಎ ಡಿಸೈನ್ ತಯಾರಿಸಿದ, ‘ಲೆಮಿಂಗ್ಸ್’ ಜಗತ್ತಿನಾದ್ಯಂತ ಜನಪ್ರಿಯವಾಯಿತು. 1993ರಲ್ಲಿ ಜಪಾನಿನ ಸೋನಿ ಸಿಗ್ನೋಸಿಸ್ ಅನ್ನು ಕೊಂಡಿತು. ಮುಂದೆ ಅದು ಸ್ಟುಡಿಯೊ ಲಿವರ್‌ಪೂಲ್ ಎಂದು ಹೆಸರು ಬದಲಿಸಿಕೊಂಡು, 2012ರ ಆಗಸ್ಟ್‌ನಲ್ಲಿ ಮುಚ್ಚಿತು.

ಆಗಲೂ ಕೆಲಸ ಕಳೆದುಕೊಂಡವರಲ್ಲಿ ಕೆಲವರು ಊರು ಬಿಡದೆ, 2012ರಲ್ಲೇ ಫೈರ್‌ಸ್ಪ್ರೈಟ್ ಎಂಬ ಹೊಸ ಸಂಸ್ಥೆ ಕಟ್ಟಿದರು. 2021ರಲ್ಲಿ ಸೋನಿ ಅದನ್ನೂ ಕೊಂಡಿತು. 2024ರ ಫೆಬ್ರವರಿಯಲ್ಲಿ ಸೋನಿ ತನ್ನ ಆಟಗಳ ವಿಭಾಗದಲ್ಲಿ ಸುಮಾರು 900 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದಾಗ ಸಿಬ್ಬಂದಿ ಕಡಿತವಾಗುವ ಸಂಸ್ಥೆಗಳ ಪಟ್ಟಿಯಲ್ಲಿ ಫೈರ್‌ಸ್ಪ್ರೈಟ್ ಕೂಡ ಇತ್ತು.