ಭಂಡಾರದ ಭಾರಪರೀಕ್ಷೆ

ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸನ ಹೆಸರು ವಿಜಯನಗರದ ಚರಿತ್ರೆಯನ್ನೋದಿದ ವಾಚಕರಿಗೆ ವಿದಿತವೇ ಆಗಿದೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಆತನು, ಕೃಷ್ಣದೇವರಾಯನು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ಕೆರೆಯಲ್ಲಿ 15,000ದಿಂದ 20,000 ಜನರು ದುಡಿಯುತ್ತಿದ್ದುದನ್ನು ವರ್ಣಿಸಿ, ಆ ಕೆರೆಯು ಎರಡು ಮೂರು ಬಾರಿ ಒಡೆಯಿತೆಂದೂ ಬರೆದಿದ್ದಾನೆ. ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಯತ್ತ ಹೋಗುವವರಿಗೆ ಈ ಸೀಮೆಯ ಗುಡ್ಡಗಳು ಪರಿಚಿತವಷ್ಟೆ. ಏರಿಯ ಬಲವನ್ನು ನೀರೇ ಪರೀಕ್ಷಿಸುವುದಾದರೆ, ಪರೀಕ್ಷೆಯ ಫಲ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ನಮ್ಮ ಕಾಲದ ವಿಜ್ಞಾನಕ್ಕೂ ಇಂತಹ ಕೆರೆಗಳುಂಟು. ಅವುಗಳಲ್ಲಿ ತುಂಬುವುದು ದತ್ತಾಂಶ. ಹಲವು ಊರುಗಳ ಗಣಕಯಂತ್ರಗಳನ್ನು ಜೋಡಿಸಿ ಒಂದೇ ಯಂತ್ರದಂತೆ ದುಡಿಸುವ ವ್ಯವಸ್ಥೆಗೆ ಗ್ರಿಡ್ ಎಂದು ಹೆಸರು. ಅದರ ಸಂಗ್ರಹ ಸರ್ವರುಗಳನ್ನು ಮೊದಲೇ ಪರೀಕ್ಷಿಸುವ ಕ್ರಮವಿದು: ಕೃತಕ ಕಡತಗಳನ್ನು ಹಗಲಿರುಳು ಬರೆಯಿಸುವುದು, ಅದೇ ಹೊತ್ತಿಗೆ ನೂರಾರು ಕಡೆಯಿಂದ ಓದಿಸುವುದು, ವೇಗವು ಎಲ್ಲಿ ಕುಂದುತ್ತದೆಂದು ನೋಡುವುದು. ಪ್ರತಿ ಕಡತದಿಂದ ಗುಣಿಸಿ ತೆಗೆದ ಒಂದು ಸಂಖ್ಯೆಯನ್ನು ಬರೆಯುವಾಗಲೂ ಓದುವಾಗಲೂ ತಾಳೆ ನೋಡುತ್ತಾರೆ. ವೇದಾಧ್ಯಯನದಲ್ಲಿ ಅಕ್ಷರಲೋಪವಾಗದಂತೆ ಜಟೆ, ಘನಗಳನ್ನು ಕಲ್ಪಿಸಿದ ನಮ್ಮ ಹಿರಿಯರಿಗೆ ಈ ಎಚ್ಚರವು ಹೊಸದಾಗಿ ತೋರುತ್ತಿರಲಿಲ್ಲ.

ಜಿನೀವಾದ ಸೆರ್ನ್ ಸಂಸ್ಥೆಯ ಮಹಾಯಂತ್ರವು 2008ರಲ್ಲಿ ಮೊದಲು ಚಲಿಸಿತು. ಅದಕ್ಕೆ ಮುಂಚೆಯೇ, 2005ರಲ್ಲಿ, ಸೆರ್ನ್‌ನಿಂದ ಯೂರೋಪು ಅಮೆರಿಕೆಗಳ ಏಳು ಕೇಂದ್ರಗಳಿಗೆ ಸೆಕೆಂಡಿಗೆ ಸರಾಸರಿ 600 ಮೆಗಾಬೈಟ್‌ನಂತೆ ಹತ್ತು ದಿವಸ ದತ್ತಾಂಶವನ್ನು ಹರಿಯಿಸಲಾಯಿತು. ಒಟ್ಟು ಸುಮಾರು 500 ಟೆರಾಬೈಟ್. 2009ರ ಜೂನ್ ತಿಂಗಳಲ್ಲಿ ನಾಲ್ಕು ಪ್ರಯೋಗಗಳ ಭಾರವನ್ನೂ ಏಕಕಾಲಕ್ಕೆ ಹೊರಿಸಿ, ಟೇಪುಗಳಿಂದ ಕಡತಗಳನ್ನು ಮರಳಿ ತರಿಸುವ ಕೆಲಸವನ್ನೂ ಪರೀಕ್ಷಿಸಿದರು. ಒಂದೊಂದಾಗಿ ಸರಿಯಿದ್ದವು ಒಟ್ಟಿಗೆ ಸರಿಯಿರುವುವೆಂಬ ನಿಯಮವಿಲ್ಲವಲ್ಲವೆ?

ಈ ವಿದ್ಯೆಯು ಕನ್ನಡನಾಡಿಗೂ ಬಂದಿತು. ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯ ಮುಂದಾಳುತನದಲ್ಲಿ ರೂಪುಗೊಂಡ 'ಗರುಡ' ಗ್ರಿಡ್, ತನ್ನ ಮೊದಲ ಘಟ್ಟದಲ್ಲಿ 17 ನಗರಗಳ 45 ಸಂಸ್ಥೆಗಳನ್ನು ಕೂಡಿಸಿತು. ಆಗಿನ ಸಂಪರ್ಕಗಳ ವೇಗವು ಸೆಕೆಂಡಿಗೆ 10ರಿಂದ 100 ಮೆಗಾಬಿಟ್. ಲೆಕ್ಕ ಹಾಕಿ ನೋಡಿದರೆ, ಮೇಲೆ ಹೇಳಿದ 500 ಟೆರಾಬೈಟನ್ನು 100 ಮೆಗಾಬಿಟ್‌ನ ಒಂದೇ ತಂತಿಯಲ್ಲಿ ಕಳುಹಲು 460 ದಿವಸಗಳಿಗೂ ಹೆಚ್ಚು ಬೇಕು. ಕೆರೆಯೆಷ್ಟೇ ವಿಶಾಲವಾದರೂ ತೂಬು ಕಿರಿದಾಗಿದ್ದರೆ ಗದ್ದೆಗೆ ನೀರು ಸಾಲದು. ಆದುದರಿಂದ ಭಾರಪರೀಕ್ಷೆಯು ಸರ್ವರನ್ನು ಮಾತ್ರವಲ್ಲ, ದಾರಿಯನ್ನೂ ಅಳೆಯಬೇಕಾಗುತ್ತದೆ. ಗರುಡವು ತರುವಾಯ ವೇಗವಾದ ರಾಷ್ಟ್ರೀಯ ಜ್ಞಾನಜಾಲವನ್ನು ಆಶ್ರಯಿಸಿದುದರ ಔಚಿತ್ಯವೂ ಇದರಿಂದ ತಿಳಿಯುತ್ತದೆ.

ಬೆಲೆಬಾಳುವ ಯಂತ್ರಗಳನ್ನು ಹುಸಿ ಕಡತಗಳಿಂದ ದಣಿಸುವುದು ದುಂದೆಂದು ಕೆಲವರು ಆಕ್ಷೇಪಿಸಬಹುದು. ಹುಸಿ ಕಡತ ಹಾಳಾದರೆ ಮತ್ತೊಂದನ್ನು ಬರೆಯಬಹುದು. ಒಮ್ಮೆ ನಡೆದುಹೋದ ಕಣಸಂಘಟ್ಟನೆಯ ದಾಖಲೆ ಅಳಿದರೆ ಅದನ್ನೇ ಮತ್ತೆ ಪಡೆಯುವ ಉಪಾಯವಿಲ್ಲ. 2024ರ ಫೆಬ್ರವರಿಯಲ್ಲಿಯೂ, ಮುಂದೆ ಬರಲಿರುವ ಪ್ರವಾಹದ ನಾಲ್ಕನೆಯ ಒಂದು ಪಾಲನ್ನು ಗುರಿಯಾಗಿಟ್ಟುಕೊಂಡು ಇಂತಹದೇ ಪರೀಕ್ಷೆ ನಡೆಯಿತು. ಪರೀಕ್ಷೆಯಲ್ಲಿ ಕಂಡ ಬಿರುಕು ನಷ್ಟವಲ್ಲ, ಲಾಭವೆಂದೇ ತಿಳಿಯತಕ್ಕದ್ದು.